ಇಂಗ್ಲೆಂಡಿನ ಗುರಾಣಿಯ ಮೇಲೆ ಶ್ರೀರಂಗಪಟ್ಟಣದ ಕೋಟೆ

ಕ್ರಿಕೆಟ್ ನೋಡುವವರಿಗೆಲ್ಲ 664 ಎಂಬ ಸಂಖ್ಯೆ ಗೊತ್ತು. 1988ರ ಫೆಬ್ರುವರಿಯಲ್ಲಿ ಮುಂಬೈಯ ಆಜಾದ್ ಮೈದಾನದಲ್ಲಿ ಸಚಿನ್ ತೆಂಡೂಲ್ಕರ್, ವಿನೋದ್ ಕಾಂಬ್ಳಿ ಎಂಬ ಇಬ್ಬರು ಶಾಲಾ ಹುಡುಗರು ಔಟಾಗದೆ ಕೂಡಿಸಿದ ರನ್ನುಗಳು ಅವು. ನಮ್ಮ ತರಗತಿಯಲ್ಲಿ ಕ್ವಿಜ್ ನಡೆದಾಗ ಈ ಪ್ರಶ್ನೆಗೆ ಹತ್ತು ಕೈಗಳು ಒಟ್ಟಿಗೆ ಮೇಲೆದ್ದವು. ಅದು ಯಾವ ಟೂರ್ನಿ ಎಂದು ಸರ್ ಕೇಳಿದಾಗ ಮೂರು ಕೈಗಳು ಉಳಿದವು. ಉತ್ತರ: ಹ್ಯಾರಿಸ್ ಶೀಲ್ಡ್. ಆ ಹ್ಯಾರಿಸ್ ಯಾರು ಎಂದಾಗ ಒಂದು ಕೈಯೂ ಏಳಲಿಲ್ಲ. ನನ್ನದೂ ಏಳಲಿಲ್ಲ.

ಆ ದಿನ ಲೈಬ್ರರಿಯಲ್ಲಿ ಹುಡುಕಿದೆ. 1890ರಿಂದ 1895ರವರೆಗೆ ಮುಂಬೈ ಪ್ರಾಂತ್ಯದ ಗವರ್ನರ್ ಆಗಿದ್ದ, ಅದಕ್ಕೂ ಮೊದಲು ಇಂಗ್ಲೆಂಡ್ ಕ್ರಿಕೆಟ್ ತಂಡದ ನಾಯಕನಾಗಿದ್ದ ಲಾರ್ಡ್ ಹ್ಯಾರಿಸ್ ಅವನು. ಇಷ್ಟಾದರೆ ಕ್ವಿಜ್‌ಗೆ ಸಾಕು. ಆದರೆ ಅವನ ಬಿರುದಿನ ಪೂರ್ತಿ ರೂಪ ನೋಡಿ ಪುಸ್ತಕ ಮುಚ್ಚಲಾಗಲಿಲ್ಲ. ಅವನು ‘ಶ್ರೀರಂಗಪಟ್ಟಣ ಮತ್ತು ಮೈಸೂರಿನ, ಹಾಗೂ ಕೆಂಟ್ ಜಿಲ್ಲೆಯ ಬೆಲ್ಮಾಂಟಿನ ಬ್ಯಾರನ್ ಹ್ಯಾರಿಸ್’. ನಾವು ಕಳೆದ ವರ್ಷ ಕಾಲೇಜು ಪ್ರವಾಸದಲ್ಲಿ ಬುತ್ತಿ ಕಟ್ಟಿಕೊಂಡು ಹೋಗಿ ನೋಡಿ ಬಂದ ಶ್ರೀರಂಗಪಟ್ಟಣ, ಒಂದು ಇಂಗ್ಲಿಷ್ ಮನೆತನದ ಹೆಸರಿನ ಭಾಗ! ಆ ಬಿರುದು ಇಂದಿಗೂ ಇದೆ. ಅದು ಹೇಗೆ ಬಂತು, ಅದರ ಲಾಂಛನದಲ್ಲಿ ಏನಿದೆ, ತಲೆಮಾರಿನಿಂದ ತಲೆಮಾರಿಗೆ ಹೇಗೆ ದಾಟುತ್ತದೆ ಎಂಬುದನ್ನು ನನಗೆ ಅರ್ಥವಾದಷ್ಟು ಇಲ್ಲಿ ಬರೆದಿದ್ದೇನೆ.

ಐದು ಮೆಟ್ಟಿಲು

ಬ್ರಿಟನ್ನಿನ ವಂಶಪಾರಂಪರ್ಯ ಬಿರುದುಗಳಲ್ಲಿ ಐದು ದರ್ಜೆಗಳಿವೆ. ಮೇಲಿನಿಂದ ಕೆಳಕ್ಕೆ ಡ್ಯೂಕ್, ಮಾರ್ಕ್ವೆಸ್, ಅರ್ಲ್, ವೈಕೌಂಟ್, ಬ್ಯಾರನ್. ರಾಜ ಅಥವಾ ರಾಣಿ ತಮ್ಮ ದೊಡ್ಡ ಮುದ್ರೆ ಒತ್ತಿದ ಸನ್ನದಿನ ಮೂಲಕ ಬಿರುದನ್ನು ಕೊಡುತ್ತಾರೆ. ಬಿರುದಿನ ಜೊತೆ ಒಂದು ಊರಿನ ಹೆಸರು ಇರುತ್ತದೆ. ಊರಿನ ಹೆಸರು ಇದೆ ಎಂದ ಮಾತ್ರಕ್ಕೆ ಆ ಊರು ಅವರ ಆಸ್ತಿಯಲ್ಲ. 1799ರ ನಂತರ ಮೈಸೂರಿನ ಸಿಂಹಾಸನದಲ್ಲಿ ಕುಳಿತವರು ಒಡೆಯರ್ ವಂಶದ ಬಾಲಕ ಮುಮ್ಮಡಿ ಕೃಷ್ಣರಾಜರು. ‘ಮೈಸೂರಿನ ಬ್ಯಾರನ್’ಗೆ ಮೈಸೂರಿನಲ್ಲಿ ಒಂದು ಗುಂಟೆ ಜಮೀನೂ ಈ ಬಿರುದಿನಿಂದ ಬರಲಿಲ್ಲ. ಹೆಸರು ಬಂತು, ಅಷ್ಟೇ. ಆ ‘ಅಷ್ಟೇ’ ಎಷ್ಟು ದೊಡ್ಡದು ಎಂಬುದು ಮುಂದೆ ಗೊತ್ತಾಗುತ್ತದೆ.

ಪಾದ್ರಿಯ ಮಗ ಬ್ಯಾರನ್ ಆದದ್ದು

ಮೊದಲ ಬ್ಯಾರನ್ ಆದ ಜಾರ್ಜ್ ಹ್ಯಾರಿಸ್ 1746ರಲ್ಲಿ ಹುಟ್ಟಿದವನು. ತಂದೆ ಕೆಂಟ್ ಜಿಲ್ಲೆಯ ಒಬ್ಬ ಸಾಧಾರಣ ಪಾದ್ರಿ. ಶ್ರೀಮಂತಿಕೆ ಇರಲಿಲ್ಲ. ಹುಡುಗ ಸೈನ್ಯ ಸೇರಿ ಅಮೆರಿಕಕ್ಕೆ ಹೋದ. 1775ರ ಬಂಕರ್ ಹಿಲ್ ಕಾಳಗದಲ್ಲಿ ತಲೆಗೆ ಪೆಟ್ಟಾಯಿತು. ಬದುಕಿ ಉಳಿದ. ಆಮೇಲೆ ಭಾರತಕ್ಕೆ ಬಂದ. 1792ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದಾಗಲೂ ಅವನು ಸೈನ್ಯದಲ್ಲಿದ್ದ. ಏಳು ವರ್ಷಗಳ ನಂತರ ಅದೇ ಕೋಟೆಯ ಮುಂದೆ ಸೇನಾಧಿಪತಿಯಾಗಿ ನಿಂತ. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸುಲ್ತಾನ್ ಹೋರಾಡುತ್ತಲೇ ಪ್ರಾಣ ಬಿಟ್ಟ.

ಆಗಿನ ಯುದ್ಧಗಳಲ್ಲಿ ಗೆದ್ದ ಸೈನ್ಯ ಸಿಕ್ಕಿದ ಸಂಪತ್ತನ್ನು ದರ್ಜೆಗೆ ತಕ್ಕಂತೆ ಹಂಚಿಕೊಳ್ಳುತ್ತಿತ್ತು. ಸೇನಾಧಿಪತಿ ಹ್ಯಾರಿಸನ ಪಾಲಿಗೆ ಬಂದದ್ದು ಒಂದು ಲಕ್ಷ ನಲವತ್ತು ಸಾವಿರ ಪೌಂಡಿಗೂ ಹೆಚ್ಚು. 1801ರಲ್ಲಿ ಅವನು ಕೆಂಟ್ ಜಿಲ್ಲೆಯ ಫ್ಯಾವರ್‌ಶ್ಯಾಮ್ ಪಟ್ಟಣದ ಹತ್ತಿರ ಬೆಲ್ಮಾಂಟ್ ಎಂಬ ಬಂಗಲೆಯನ್ನೂ ಜಮೀನನ್ನೂ ಕೊಂಡ. ಅಕೌಂಟೆನ್ಸಿ ಓದುವವರ ಭಾಷೆಯಲ್ಲಿ ಹೇಳುವುದಾದರೆ, ಎಂಟ್ರಿಯ ಒಂದು ಬದಿ ಕೆಂಟ್‌ನಲ್ಲಿದೆ, ಇನ್ನೊಂದು ಬದಿ ಕಾವೇರಿ ದಂಡೆಯಲ್ಲಿದೆ.

ಬಿರುದು ಮಾತ್ರ ಕೂಡಲೇ ಬರಲಿಲ್ಲ. ಮೊದಲು ಐರ್ಲೆಂಡಿನ ಬಿರುದು ಕೊಡುತ್ತೇವೆ ಎಂದರು. ಅದು ಇಂಗ್ಲೆಂಡಿನದಕ್ಕಿಂತ ಕಡಿಮೆ ತೂಕದ್ದು ಎಂದು ಎಣಿಸುತ್ತಿದ್ದ ಕಾಲ. ಹ್ಯಾರಿಸ್ ಬೇಡವೆಂದ. 1815ರಲ್ಲಿ, ಅಂದರೆ ಕೋಟೆ ಬಿದ್ದು ಹದಿನಾರು ವರ್ಷಗಳಾದ ಮೇಲೆ, ಬ್ಯಾರನ್ ಹ್ಯಾರಿಸ್ ಎಂಬ ಬಿರುದು ಸಿಕ್ಕಿತು.

ಲಾಂಛನವನ್ನು ಓದುವುದು ಹೇಗೆ?

ಬಿರುದಿನ ಜೊತೆ ಬರುವುದು ವಂಶಲಾಂಛನ. ನಮಗೆ ಇದು ತೀರಾ ಹೊಸದಲ್ಲ. ಕರ್ನಾಟಕ ಸರ್ಕಾರದ ಪತ್ರಗಳ ತಲೆಯ ಮೇಲಿರುವ ಲಾಂಛನವನ್ನೇ ನೋಡಿ. ನಡುವೆ ಕೆಂಪು ಗುರಾಣಿಯಲ್ಲಿ ಬಿಳಿ ಗಂಡಭೇರುಂಡ. ಎರಡೂ ಬದಿಯಲ್ಲಿ ಅದನ್ನು ಹಿಡಿದು ನಿಂತ, ಆನೆಯ ತಲೆ ಸಿಂಹದ ಮೈಯ ಶರಭಗಳು. ಮೇಲೆ ಅಶೋಕನ ಸಿಂಹಗಳು. ಕೆಳಗೆ ‘ಸತ್ಯಮೇವ ಜಯತೇ’. ಚಿತ್ರಗಳು ನಮ್ಮವು, ಜೋಡಿಸಿದ ಕ್ರಮ ಯುರೋಪಿನದು.

ಆ ಕ್ರಮದಲ್ಲಿ ಮುಖ್ಯವಾಗಿ ನಾಲ್ಕು ಭಾಗಗಳಿವೆ. ನಡುವಿನದು ಗುರಾಣಿ, ಅಂದರೆ ಶೀಲ್ಡ್. ಗುರಾಣಿಯ ಮೇಲುಗಡೆ ಶಿರಸ್ತ್ರಾಣದ ತುದಿಯಲ್ಲಿ ನಿಲ್ಲಿಸುವ ಗುರುತು ಕ್ರೆಸ್ಟ್. ಗುರಾಣಿಯನ್ನು ಎರಡೂ ಕಡೆ ಹಿಡಿದು ನಿಂತವರು ಸಪೋರ್ಟರ್‌ಗಳು. ಕೆಳಗಿನ ಪಟ್ಟಿಯಲ್ಲಿ ಧ್ಯೇಯವಾಕ್ಯ. ಸಪೋರ್ಟರ್‌ಗಳನ್ನು ಎಲ್ಲರೂ ಇಟ್ಟುಕೊಳ್ಳುವಂತಿಲ್ಲ. ವಂಶಪಾರಂಪರ್ಯ ಬಿರುದುಳ್ಳವರಿಗೆ ಆ ಹಕ್ಕಿದೆ. ಇವರಿಗೆ ದರ್ಜೆಗೆ ತಕ್ಕ ಕಿರೀಟವೂ ಉಂಟು. ಬ್ಯಾರನ್‌ನ ಕಿರೀಟದಲ್ಲಿ ಆರು ಬೆಳ್ಳಿಯ ಗುಂಡುಗಳಿರುತ್ತವೆ, ಚಿತ್ರದಲ್ಲಿ ನಾಲ್ಕು ಮಾತ್ರ ಕಾಣುತ್ತವೆ.

ಇಂಗ್ಲೆಂಡಿನಲ್ಲಿ ಇದನ್ನೆಲ್ಲ ನೋಡಿಕೊಳ್ಳಲು ಲಂಡನ್ನಿನಲ್ಲಿ ಕಾಲೇಜ್ ಆಫ್ ಆರ್ಮ್ಸ್ ಎಂಬ ಸಂಸ್ಥೆಯಿದೆ. ಹೆಸರಿನಲ್ಲಿ ಕಾಲೇಜು ಎಂದಿದ್ದರೂ ಅಲ್ಲಿ ಪಾಠವಿಲ್ಲ, ಪರೀಕ್ಷೆಯಿಲ್ಲ. ರಾಜ ಮೂರನೇ ರಿಚರ್ಡ್ 1484ರಲ್ಲಿ ಸನ್ನದು ಕೊಟ್ಟು ಸ್ಥಾಪಿಸಿದ ಈ ಸಂಸ್ಥೆಯ ಅಧಿಕಾರಿಗಳು ಯಾರ ಲಾಂಛನ ಯಾವುದು ಎಂಬ ದಾಖಲೆಯನ್ನು ಕಾಪಾಡುತ್ತಾರೆ. ಒಬ್ಬರ ಲಾಂಛನವನ್ನು ಇನ್ನೊಬ್ಬರು ಬಳಸುವಂತಿಲ್ಲ. ವ್ಯಾಪಾರದಲ್ಲಿ ಟ್ರೇಡ್‌ಮಾರ್ಕ್ ನೋಂದಣಿ ಇದ್ದ ಹಾಗೆ. ಚಿತ್ರಕ್ಕಿಂತ ಅವರಿಗೆ ಮಾತಿನ ವರ್ಣನೆಯೇ ಮುಖ್ಯ. ಹಳೆಯ ಫ್ರೆಂಚ್ ಪದಗಳು ತುಂಬಿದ ಆ ವರ್ಣನೆ ಇದ್ದರೆ ಯಾವ ಕಲಾವಿದ ಬೇಕಾದರೂ ಅದೇ ಲಾಂಛನವನ್ನು ಬರೆಯಬಹುದು.

ಹ್ಯಾರಿಸ್ ಗುರಾಣಿಯಲ್ಲಿ ಏನಿದೆ?

ಗುರಾಣಿಯ ಬಣ್ಣ ಹಸಿರು. ನಡುವೆ ಮನೆಯ ಮಾಡಿನ ಆಕಾರದ ಚಿನ್ನದ ಬಣ್ಣದ ಪಟ್ಟಿ, ಅದರ ಅಂಚು ಕೋಟೆಯ ತೆನೆಗಳಂತೆ ಕತ್ತರಿಸಿದೆ. ಪಟ್ಟಿಯ ಮೇಲೆ ಬೆಂಕಿ ಉಗುಳುವ ಮೂರು ಕಪ್ಪು ಬಾಂಬುಗಳು. ಸುತ್ತ ಮೂರು ಚಿನ್ನದ ಹೆಡ್ಜ್‌ಹಾಗ್‌ಗಳು, ಅಂದರೆ ಮೈತುಂಬ ಮುಳ್ಳಿರುವ ಪುಟ್ಟ ಪ್ರಾಣಿಗಳು. ಸೇನಾಧಿಪತಿಗೆ ಇವೇಕೆ ಎಂದು ನನಗೆ ನಗು ಬಂತು. ಅದು ಹೆಸರಿನ ಮೇಲಿನ ಶ್ಲೇಷೆ. ಫ್ರೆಂಚಿನಲ್ಲಿ ಈ ಪ್ರಾಣಿಯ ಹೆಸರು ‘ಎರಿಸೋ̃’, ಬರೆಯುವಾಗ ಅದರ ಮೊದಲಿಗೆ ‘ಎಚ್’ ಅಕ್ಷರ ಬರುತ್ತದೆ. ಹ್ಯಾರಿಸ್ ಎಂಬುದಕ್ಕೆ ಹತ್ತಿರ. ಲಾಂಛನಗಳಲ್ಲಿ ಇಂಥ ಹೆಸರಿನಾಟ ಬಹಳ.

ಗುರಾಣಿಯ ಮೇಲಿನ ಮೂರನೇ ಒಂದು ಭಾಗದಲ್ಲಿ ನಗು ನಿಲ್ಲುತ್ತದೆ. ಅಲ್ಲಿರುವುದು ಶ್ರೀರಂಗಪಟ್ಟಣದ ಕೋಟೆ ಮತ್ತು ಅದರ ಹೆಬ್ಬಾಗಿಲು. ಕಂದಕದ ಮೇಲಿನ ಎತ್ತುಸೇತುವೆಯನ್ನು ಕೆಳಗಿಳಿಸಲಾಗಿದೆ, ಅಂದರೆ ಒಳಗೆ ಹೋಗಲು ದಾರಿ ತೆರೆದಿದೆ. ಕೋಟೆಯ ಮೇಲೆ ಎರಡು ಬಾವುಟಗಳು: ಮೇಲೆ ಬ್ರಿಟನ್ನಿನದು, ಅದರ ಕೆಳಗೆ ಟಿಪ್ಪುವಿನದು. ಹೀಗೆ ವಿಶೇಷ ಸೇವೆಗಾಗಿ ಲಾಂಛನಕ್ಕೆ ಸೇರಿಸುವ ಭಾಗಕ್ಕೆ ಗೌರವ ಸೇರ್ಪಡೆ ಎನ್ನುತ್ತಾರೆ. ನೆಪೋಲಿಯನ್‌ನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್‌ಗೆ ಬ್ರಿಟನ್ನಿನ ಬಾವುಟವನ್ನೇ ಹಾಗೆ ಸೇರಿಸಿಕೊಟ್ಟರು. ಆರ್ಥರ್ ವೆಲ್ಲೆಸ್ಲಿ ಎಂಬ ಹೆಸರಿನಲ್ಲಿ ಅವನೂ 1799ರಲ್ಲಿ ಶ್ರೀರಂಗಪಟ್ಟಣದಲ್ಲಿದ್ದವನೇ.

ಗುರಾಣಿಯ ಒಂದು ಬದಿಯಲ್ಲಿ ಬ್ರಿಟಿಷ್ ಗ್ರೆನೇಡಿಯರ್ ಸಿಪಾಯಿ, ಇನ್ನೊಂದು ಬದಿಯಲ್ಲಿ ಮಲಯ ಸಿಪಾಯಿ. ಗ್ರೆನೇಡಿಯರ್ ಕೈಯಲ್ಲಿ ಬ್ರಿಟನ್ನಿನ ಬಾವುಟ, ಮಲಯ ಸಿಪಾಯಿಯ ಕೈಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಾವುಟ. ಎರಡೂ ಕಂಬಗಳಲ್ಲಿ ಆ ಬಾವುಟಗಳ ಕೆಳಗೆ ಟಿಪ್ಪುವಿನ ಬಾವುಟ ಮತ್ತು ಫ್ರಾನ್ಸಿನ ತ್ರಿವರ್ಣ ಧ್ವಜ. ಟಿಪ್ಪು ಫ್ರೆಂಚರ ಸ್ನೇಹ ಬಯಸಿದ್ದರಿಂದ ಅವರೂ ಚಿತ್ರದೊಳಗೆ ಬಂದರು. ಕೋಟೆ ಮುತ್ತಿದ ಸೈನ್ಯದಲ್ಲಿ ನಮ್ಮ ದೇಶದ ಸಿಪಾಯಿಗಳು ಸಾವಿರಾರು ಮಂದಿ ಇದ್ದರು, ಹೈದರಾಬಾದಿನ ನಿಜಾಮನ ಪಡೆಯೂ ಇತ್ತು. ಚಿತ್ರದಲ್ಲಿ ಅವರಿಗೆ ಜಾಗವಿಲ್ಲ. ಧ್ಯೇಯವಾಕ್ಯದ ಅರ್ಥ ‘ನನ್ನ ದೊರೆ, ನನ್ನ ದೇಶ’.

ಇನ್ನು ಕ್ರೆಸ್ಟ್. ಅದನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ಕೋಟೆ ಗೋಡೆಯ ಆಕಾರದ ಕಿರೀಟದ ಮೇಲೆ ಒಂದು ಹುಲಿ. ಹಸಿರು ಮೈ, ಚಿನ್ನದ ಪಟ್ಟೆ. ಅದರ ತಲೆಯ ಮೇಲೆ ಪೂರ್ವದೇಶದ ಮಾದರಿಯ ಕಿರೀಟ. ಎದೆಯಲ್ಲಿ ನಾಟಿದ ಬಾಣ, ಗಾಯದಿಂದ ರಕ್ತ. ಹಣೆಯ ಮೇಲೆ ಹೈದರ್ ಹೆಸರಿನ ಪರ್ಷಿಯನ್ ಅಕ್ಷರ.

ಹುಲಿ ಯಾರೆಂದು ಹೇಳಬೇಕಾಗಿಲ್ಲ. ಟಿಪ್ಪುವಿನ ಸಿಂಹಾಸನದಲ್ಲಿ, ಫಿರಂಗಿಗಳಲ್ಲಿ, ಸೈನಿಕರ ಉಡುಪಿನಲ್ಲಿ ಹುಲಿ ಮತ್ತು ಹುಲಿಪಟ್ಟೆ ಇದ್ದವು. ಬ್ರಿಟಿಷ್ ಸೈನಿಕನ ಮೇಲೆ ಎರಗಿದ ಅವನ ಮರದ ಹುಲಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಹಣೆಯ ಅಕ್ಷರದ ಮುಂದೆ ನಾನು ಹೆಚ್ಚು ಹೊತ್ತು ನಿಂತೆ. ಉರ್ದು ಮನೆಮಾತಾದವರು ಆ ಅಕ್ಷರವನ್ನು ‘ಬಡೀ ಹೇ’ ಎನ್ನುತ್ತೇವೆ. ಹೈದರ್ ಎಂಬ ಪದ ಅದರಿಂದ ಶುರುವಾಗುತ್ತದೆ. ಟಿಪ್ಪು ತನ್ನ ತಂದೆ ಹೈದರ್ ಅಲಿಯ ನೆನಪಿಗೆ ಆ ಅಕ್ಷರವನ್ನು ನಾಣ್ಯಗಳಲ್ಲಿ ಹಾಕಿಸುತ್ತಿದ್ದ. ಮಗ ತಂದೆಗೆ ತೋರಿಸಿದ ಗೌರವದ ಗುರುತು, ಬಾಣ ತಗುಲಿದ ಹುಲಿಯ ಹಣೆಯ ಮೇಲೆ ಬಂದು ಕುಳಿತಿತು. ನಮ್ಮ ದಾದಿಗೆ ಮೊಬೈಲಿನಲ್ಲಿ ಆ ಚಿತ್ರ ತೋರಿಸಿದೆ. ಇಂಗ್ಲಿಷ್ ಬಾರದ ದಾದಿ ಇಡೀ ಲಾಂಛನದಲ್ಲಿ ಅದೊಂದನ್ನೇ ಗುರುತು ಹಿಡಿದು, “ಇದು ನಮ್ಮ ಅಕ್ಷರವಲ್ಲವಾ, ಇಲ್ಲೇನು ಮಾಡುತ್ತಿದೆ?” ಎಂದರು.

ಟಿಪ್ಪು ಎಂಥ ದೊರೆ ಎಂಬ ಚರ್ಚೆ ನಮ್ಮ ನಾಡಿನಲ್ಲಿ ಬಹಳ ನಡೆದಿದೆ, ಈ ಲೇಖನ ಅದಕ್ಕಾಗಿ ಅಲ್ಲ. ನಾನು ಹೇಳಬೇಕಾದ್ದು ಇಷ್ಟೇ: ಲಾಂಛನ ಎಂದರೆ ಅಲಂಕಾರ ಎಂದುಕೊಂಡಿದ್ದೆ. ಅದು ಗೆದ್ದವರು ಬರೆದಿಟ್ಟ ದಾಖಲೆ.

ಯಾರಿಂದ ಯಾರಿಗೆ?

ದಾಖಲೆ ಉಳಿಯಬೇಕಾದರೆ ಅದನ್ನು ಹೊತ್ತುಕೊಂಡು ಹೋಗುವವರು ಬೇಕು. ಅದಕ್ಕೆ ಉತ್ತರಾಧಿಕಾರದ ನಿಯಮ. ಸಾಮಾನ್ಯವಾಗಿ ಸನ್ನದಿನಲ್ಲಿ ಒಂದು ಸಾಲು ಇರುತ್ತದೆ: ಬಿರುದು ಮೊದಲು ಪಡೆದವನ ದೇಹದಿಂದ ನ್ಯಾಯಬದ್ಧವಾಗಿ ಹುಟ್ಟಿದ ಗಂಡು ವಾರಸುದಾರರಿಗೆ. ಈ ಒಂದು ಸಾಲಿನಲ್ಲಿ ಮೂರು ಷರತ್ತುಗಳಿವೆ. ವಾರಸುದಾರ ಮೊದಲನೆಯವನ ರಕ್ತಸಂತತಿಯಾಗಿರಬೇಕು, ದತ್ತು ನಡೆಯದು. ವಿವಾಹದಿಂದ ಹುಟ್ಟಿರಬೇಕು. ಗಂಡಾಗಿರಬೇಕು, ಗಂಡಸರ ಮೂಲಕವೇ ಬಂದಿರಬೇಕು. ಮಕ್ಕಳಲ್ಲಿ ಹಿರಿಯ ಮಗನಿಗೆ ಎಲ್ಲವೂ, ಉಳಿದವರಿಗೆ ಬಿರುದಿನಲ್ಲಿ ಪಾಲಿಲ್ಲ.

ನಮಗೆ ಗೊತ್ತಿರುವ ಲೆಕ್ಕದ ಜೊತೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಒಬ್ಬ ಮುಸ್ಲಿಂ ತೀರಿಕೊಂಡು, ಸಾಲ ಮತ್ತು ಖರ್ಚು ಕಳೆದು 40 ಲಕ್ಷ ರೂಪಾಯಿ ಉಳಿದಿದೆ ಎನ್ನಿ. ತಂದೆ ತಾಯಿ ಮೊದಲೇ ತೀರಿದ್ದಾರೆ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಇದ್ದಾರೆ. ಸೂರಃ ಅನ್ನಿಸಾದಲ್ಲಿ ಹೇಳಿದಂತೆ ಹೆಂಡತಿಗೆ ಎಂಟನೇ ಒಂದು, ಅಂದರೆ 5 ಲಕ್ಷ. ಉಳಿದ 35 ಲಕ್ಷವನ್ನು ಮಗನಿಗೆ ಎರಡು, ಮಗಳಿಗೆ ಒಂದರಂತೆ ಐದು ಪಾಲು ಮಾಡಿದರೆ ಗಂಡುಮಕ್ಕಳಿಗೆ 14 ಲಕ್ಷ ಒಬ್ಬೊಬ್ಬರಿಗೆ, ಮಗಳಿಗೆ 7 ಲಕ್ಷ. ಹಿರಿಯ ಎಂಬ ಕಾರಣಕ್ಕೆ ಒಂದು ಪೈಸೆ ಹೆಚ್ಚಿಲ್ಲ. ಆಸ್ತಿಯನ್ನು ಹೀಗೆ ಹಂಚಬಹುದು. ಬಿರುದನ್ನು ಹಂಚಿದರೆ ಅದು ಬಿರುದಾಗಿ ಉಳಿಯುವುದಿಲ್ಲ. ಅದಕ್ಕೇ ಅವರು ಒಬ್ಬನನ್ನು ಆರಿಸಿ ಉಳಿದವರನ್ನು ಹೊರಗಿಟ್ಟರು. ಬಿಸಿನೆಸ್ ಸ್ಟಡೀಸ್‌ನಲ್ಲಿ ಕಂಪನಿಯ ಬಗ್ಗೆ ಓದುತ್ತೇವಲ್ಲ, ಸದಸ್ಯರು ಬರಬಹುದು, ಹೋಗಬಹುದು, ಕಂಪನಿ ಇದ್ದೇ ಇರುತ್ತದೆ ಎಂದು. ಬಿರುದೂ ಹಾಗೆಯೇ, ಆದರೆ ಅದಕ್ಕೆ ಒಂದು ಕಾಲದಲ್ಲಿ ಒಬ್ಬನೇ ಸದಸ್ಯ.

ನಿಯಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅದೇ ಕಾಲದ ಉದಾಹರಣೆ ಇದೆ. 1799ರಲ್ಲಿ ಗವರ್ನರ್ ಜನರಲ್ ಆಗಿದ್ದವನು ಆರ್ಥರ್ ವೆಲ್ಲೆಸ್ಲಿಯ ಅಣ್ಣ ರಿಚರ್ಡ್ ವೆಲ್ಲೆಸ್ಲಿ. ಶ್ರೀರಂಗಪಟ್ಟಣದ ಗೆಲುವಿಗೆ ಅವನಿಗೆ ಮಾರ್ಕ್ವೆಸ್ ಬಿರುದು ಬಂತು, ಹ್ಯಾರಿಸನದಕ್ಕಿಂತ ಮೂರು ಮೆಟ್ಟಿಲು ಮೇಲಿನದು. ಅವನಿಗೆ ಗಂಡುಮಕ್ಕಳಿದ್ದರು, ಆದರೆ ಅವರು ತಂದೆತಾಯಿಯ ಮದುವೆಗೆ ಮೊದಲೇ ಹುಟ್ಟಿದವರು. ಕಾನೂನು ಅವರನ್ನು ಎಣಿಸಲಿಲ್ಲ. 1842ರಲ್ಲಿ ಅವನ ಜೊತೆಗೇ ಮಾರ್ಕ್ವೆಸ್ ಬಿರುದು ಅಳಿಯಿತು. ದೆಹಲಿ ಮತ್ತು ಲಾಸ್ವಾರಿಯ ಹೆಸರು ಹೊತ್ತಿದ್ದ ಲಾರ್ಡ್ ಲೇಕ್‌ನ ಬಿರುದೂ ಗಂಡು ವಾರಸುದಾರರಿಲ್ಲದೆ 1848ರಲ್ಲಿ ಮುಗಿಯಿತು. ಶ್ರೀರಂಗಪಟ್ಟಣದ ಬಿರುದು ಮಾತ್ರ ಉಳಿದುಕೊಂಡಿತು.

ಎಂಟು ಲಾರ್ಡ್‌ಗಳು

ಮೊದಲ ಬ್ಯಾರನ್ 1829ರಲ್ಲಿ ಬೆಲ್ಮಾಂಟಿನಲ್ಲಿ ತೀರಿಕೊಂಡ. ಬಿರುದು ಮಗ ವಿಲಿಯಂಗೆ ಬಂತು. 1845ರಲ್ಲಿ ಅವನ ಮಗ, ಮೂರನೇ ಬ್ಯಾರನ್. ಇವನು ವೆಸ್ಟ್ ಇಂಡೀಸ್‌ನ ಟ್ರಿನಿಡಾಡ್‌ನಲ್ಲಿ ಗವರ್ನರ್ ಆಗಿದ್ದು, 1854ರಿಂದ 1859ರವರೆಗೆ ಮದ್ರಾಸಿನ ಗವರ್ನರ್ ಆದ. ಅಜ್ಜ ಯಾವ ಸೈನ್ಯದ ಸೇನಾಧಿಪತಿಯಾಗಿದ್ದನೋ ಆ ಪ್ರಾಂತ್ಯಕ್ಕೆ ಮೊಮ್ಮಗ ಗವರ್ನರ್. 1872ರಲ್ಲಿ ನಾಲ್ಕನೆಯವನು, ಟ್ರಿನಿಡಾಡ್‌ನಲ್ಲಿ ಹುಟ್ಟಿದ ನಮ್ಮ ಕ್ರಿಕೆಟ್ ಶೀಲ್ಡಿನ ಲಾರ್ಡ್ ಹ್ಯಾರಿಸ್. ಅರವತ್ತು ವರ್ಷ ಬಿರುದು ಅವನ ಬಳಿ ಇತ್ತು. 1932ರಲ್ಲಿ ಅವನ ಮಗ ಐದನೆಯವನಾದ. ಇವನಿಗೆ ಗಡಿಯಾರಗಳ ಹುಚ್ಚು. ಮುನ್ನೂರಕ್ಕೂ ಹೆಚ್ಚು ಹಳೆಯ ಗಡಿಯಾರಗಳನ್ನು ಬೆಲ್ಮಾಂಟಿನಲ್ಲಿ ಕೂಡಿಟ್ಟ. 1984ರಲ್ಲಿ ಅವನ ಮಗ ಆರನೆಯವನು.

1995ರಲ್ಲಿ ಆರನೇ ಬ್ಯಾರನ್ ಗಂಡುಮಕ್ಕಳಿಲ್ಲದೆ ತೀರಿಕೊಂಡಾಗ ನಿಯಮ ತನ್ನ ಕೆಲಸ ಮಾಡಿತು. ವಂಶವೃಕ್ಷದಲ್ಲಿ ಹಿಂದಕ್ಕೆ ಹೋಗಿ, ಹಿಂದೆಯೇ ಕವಲೊಡೆದ ಗಂಡು ಶಾಖೆಯನ್ನು ಹಿಡಿದು ಕೆಳಗೆ ಬಂದು, ಒಬ್ಬ ದೂರದ ಸಂಬಂಧಿಯನ್ನು ಏಳನೇ ಬ್ಯಾರನ್ ಎಂದಿತು. ಅವರು ಮರುವರ್ಷವೇ ತೀರಿಕೊಂಡರು, 1996ರಲ್ಲಿ ಅವರ ಮಗ ಎಂಟನೆಯವರಾದರು. ಬೆಲ್ಮಾಂಟ್ ಬಂಗಲೆ ಮತ್ತು ಗಡಿಯಾರಗಳು ಬಿರುದಿನ ಹಿಂದೆ ಹೋಗಲಿಲ್ಲ. ಅವು ಒಂದು ಧರ್ಮಾರ್ಥ ಟ್ರಸ್ಟಿನ ಕೈಯಲ್ಲಿವೆ, ಜನ ಹೋಗಿ ನೋಡಬಹುದು. ನಮ್ಮ ವಕ್ಫ್ ಆಸ್ತಿಯನ್ನು ನೆನಪಿಸುವ ಏರ್ಪಾಡು, ಕಾನೂನು ಬೇರೆ. ಶ್ರೀರಂಗಪಟ್ಟಣದ ಹಣದಿಂದ ಬಂದ ಮನೆ ಒಂದು ದಾರಿ, ಶ್ರೀರಂಗಪಟ್ಟಣದ ಹೆಸರು ಇನ್ನೊಂದು ದಾರಿ.

ಈ ಬಿರುದಿಗೆ ಅಧಿಕಾರವೂ ಇತ್ತು. ಹ್ಯಾರಿಸ್ ಆಗಿ ಹುಟ್ಟಿದವನು ಚುನಾವಣೆಯಿಲ್ಲದೆ ಬ್ರಿಟನ್ನಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಕುಳಿತು ಕಾನೂನು ಮಾಡಬಹುದಿತ್ತು. 1999ರ ಕಾಯ್ದೆ ವಂಶಪಾರಂಪರ್ಯ ಸದಸ್ಯರಲ್ಲಿ 92 ಮಂದಿಯನ್ನು ಮಾತ್ರ ಉಳಿಸಿ ಉಳಿದವರನ್ನೆಲ್ಲ ಹೊರಗೆ ಕಳಿಸಿತು. ಕೋಟೆ ಬಿದ್ದ 1799ಕ್ಕೂ ಅದಕ್ಕೂ ನಡುವೆ ಸರಿಯಾಗಿ ಇನ್ನೂರು ವರ್ಷ.

ಹೆಣ್ಣುಮಕ್ಕಳ ಮೂಲೆ

ಇಲ್ಲಿ ನನ್ನ ಸ್ವಂತ ಮಾತು ಸ್ವಲ್ಪ. ನಮ್ಮ ದಾದಾ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದರು. ಬೋರ್ಡಿನ ಮೇಲೆ ಅವರ ಹೆಸರು, ಅದರ ಮುಂದೆ ‘ಅಂಡ್ ಸನ್ಸ್’. ಈಗ ಅಂಗಡಿ ನೋಡಿಕೊಳ್ಳುವವರು ಅಬ್ಬಾ. ಅಬ್ಬಾಗೆ ನಾವಿಬ್ಬರು ಹೆಣ್ಣುಮಕ್ಕಳು, ಆಪಾ ಮತ್ತು ನಾನು. ಕಳೆದ ಈದ್‌ಗೆ ಮನೆಗೆ ಬಂದ ನೆಂಟರೊಬ್ಬರು ನಗುತ್ತಾ, “ಬೋರ್ಡು ಇಲ್ಲಿಗೇ ನಿಂತಿತು” ಎಂದರು. ಅಬ್ಬಾ ಶೀರ್ ಖುರ್ಮಾದ ಬಟ್ಟಲು ಅವರ ಕಡೆ ಸರಿಸಿದರು, ಏನೂ ಹೇಳಲಿಲ್ಲ. ಹ್ಯಾರಿಸ್ ಸನ್ನದಿನ ಆ ಸಾಲು ಓದುವಾಗ ನನಗೆ ಆ ಬೋರ್ಡು ನೆನಪಾಯಿತು. ನಾವು ಸನ್ನದು ಕೊಡುವುದಿಲ್ಲ, ಆದರೂ ಅದೇ ಸಾಲು ನಮ್ಮ ಪೇಟೆಗೂ ಬಂದಿದೆ.

ಇಂಗ್ಲೆಂಡಿನಲ್ಲಿಯೂ ಬೇಕೆಂದವರಿಗೆ ದಾರಿ ಸಿಕ್ಕಿದೆ. ಮೊದಲ ಡ್ಯೂಕ್ ಆಫ್ ಮಾರ್ಲ್‌ಬರೊಗೆ ಬದುಕಿದ ಗಂಡುಮಕ್ಕಳಿರಲಿಲ್ಲ. ಬಿರುದು ಹೆಣ್ಣುಮಕ್ಕಳಿಗೂ ಹೋಗಲಿ ಎಂದು ಪಾರ್ಲಿಮೆಂಟಿನಲ್ಲಿ ಕಾಯ್ದೆಯನ್ನೇ ಮಾಡಿಸಿದರು, 1722ರಲ್ಲಿ ಮಗಳು ಹೆನ್ರಿಯೆಟಾ ತನ್ನ ಹಕ್ಕಿನಿಂದಲೇ ಡಚೆಸ್ ಆದಳು. ಭಾರತದ ಕೊನೆಯ ವೈಸರಾಯ್ ಮೌಂಟ್‌ಬ್ಯಾಟನ್‌ಗೆ ಇದ್ದವರು ಇಬ್ಬರು ಹೆಣ್ಣುಮಕ್ಕಳು. ಅವರ ಬಿರುದಿನ ಸನ್ನದಿನಲ್ಲೇ ಹೆಣ್ಣುಮಕ್ಕಳಿಗೆ ಅವಕಾಶ ಬರೆಸಿದ್ದರಿಂದ 1979ರಲ್ಲಿ ಹಿರಿಯ ಮಗಳು ಪೆಟ್ರೀಷಿಯಾ ಕೌಂಟೆಸ್ ಆದರು. ಯುದ್ಧ ಗೆದ್ದವರಿಗೆ, ರಾಜಮನೆತನಕ್ಕೆ ಹತ್ತಿರದವರಿಗೆ ಇದು ಸಾಧ್ಯವಾಯಿತು. ಉಳಿದ ಬಹುತೇಕ ಬಿರುದುಗಳಲ್ಲಿ ಹಳೆಯ ಸಾಲೇ ನಡೆಯುತ್ತಿದೆ. 2013ರ ಕಾಯ್ದೆಯಿಂದ ಬ್ರಿಟನ್ನಿನ ಸಿಂಹಾಸನಕ್ಕೆ ಅಕ್ಕನನ್ನು ದಾಟಿ ತಮ್ಮ ಮುಂದೆ ಹೋಗುವುದು ನಿಂತಿತು. ಆ ಕಾಯ್ದೆ ಡ್ಯೂಕ್, ಬ್ಯಾರನ್‌ಗಳನ್ನು ಮುಟ್ಟಲಿಲ್ಲ.

ಆದರೆ ಲಾಂಛನದ ನಿಯಮ ಬಿರುದಿನಷ್ಟು ಕಠಿಣವಲ್ಲ. ಹೆಣ್ಣುಮಕ್ಕಳು ತಂದೆಯ ಲಾಂಛನವನ್ನು ಗುರಾಣಿಯ ಬದಲು ವಜ್ರದ ಆಕಾರದಲ್ಲಿ ಹಾಕಿಕೊಳ್ಳಬಹುದು. ಅಣ್ಣತಮ್ಮಂದಿರಿಲ್ಲದ ಮಗಳಾದರೆ ಇನ್ನೊಂದು ಹಕ್ಕಿದೆ. ಲಾಂಛನವುಳ್ಳ ಮನೆಗೆ ಮದುವೆಯಾಗಿ ಹೋದರೆ, ಅವಳ ತಂದೆಯ ಲಾಂಛನ ಅವಳ ಮಕ್ಕಳ ಗುರಾಣಿಯ ಒಂದು ಮೂಲೆಯಲ್ಲಿ ಸೇರುತ್ತದೆ. ನಾಲ್ಕು, ಎಂಟು ಚೌಕಗಳಾಗಿ ಒಡೆದ ಗುರಾಣಿಗಳನ್ನು ಕಂಡರೆ, ಅಲ್ಲಿ ಒಂದೊಂದು ಚೌಕ ಹೀಗೆ ಬಂದ ಒಬ್ಬೊಬ್ಬ ಹೆಣ್ಣುಮಗಳ ಗುರುತಾಗಿರಬಹುದು. ಅವಳ ಹೆಸರು ಅಲ್ಲಿ ಇರುವುದಿಲ್ಲ, ಆದರೂ ಅವಳ ಮನೆ ಅಲ್ಲಿ ಉಳಿದಿರುತ್ತದೆ.

ಇನ್ನೊಂದು ಮನೆತನ

ಲಾಂಛನದಲ್ಲಿರುವ ಗಾಯಗೊಂಡ ಹುಲಿಗೂ ಮಕ್ಕಳಿದ್ದರು. ಕೋಟೆ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿನ ಕೋಟೆಗೆ ಕಳಿಸಿದರು. 1806ರಲ್ಲಿ ಅಲ್ಲಿ ಸಿಪಾಯಿಗಳು ದಂಗೆಯೆದ್ದ ನಂತರ ಅಲ್ಲಿಂದ ಕಲ್ಕತ್ತೆಗೆ. ಕಿರಿಯ ಮಕ್ಕಳಲ್ಲೊಬ್ಬನಾದ ಗುಲಾಮ್ ಮೊಹಮ್ಮದ್ 1842ರಲ್ಲಿ ಕಲ್ಕತ್ತೆಯ ಧರ್ಮತಲಾದಲ್ಲಿ ತಂದೆಯ ನೆನಪಿಗೆ ಮಸೀದಿ ಕಟ್ಟಿಸಿದರು. ಅದು ಇಂದಿಗೂ ಟಿಪ್ಪು ಸುಲ್ತಾನ್ ಮಸೀದಿ ಎಂದೇ ಹೆಸರಾಗಿದೆ. ಅವರು ತೀರಿಕೊಂಡದ್ದು 1872ರಲ್ಲಿ. ಮೂರನೇ ಲಾರ್ಡ್ ಹ್ಯಾರಿಸ್ ತೀರಿಕೊಂಡದ್ದೂ ಅದೇ ವರ್ಷ. ಒಂದು ಕಡೆ ‘ಶ್ರೀರಂಗಪಟ್ಟಣದ’ ಎಂಬ ಹೆಸರು ಮಗನಿಗೆ ತಾನಾಗಿಯೇ ದಾಟಿತು. ಇನ್ನೊಂದು ಕಡೆ ಶ್ರೀರಂಗಪಟ್ಟಣದ ಅರಮನೆಯ ಮಗುವಾಗಿದ್ದವರು ಗಂಗೆಯ ದಂಡೆಯ ಊರಿನಲ್ಲಿ ಮಣ್ಣಾದರು.

ಹುಲಿ ಇರುವ ಗುರಾಣಿಗೆ ಲಂಡನ್ನಿನಲ್ಲಿ ಕಚೇರಿಯಿದೆ, ಕಡತವಿದೆ, ನಿಯಮವಿದೆ. ಅದಕ್ಕೇ ಇನ್ನೂರು ವರ್ಷಗಳ ನಂತರವೂ ಎಂಟು ತಲೆಗಳನ್ನು ಇಸವಿ ಸಮೇತ ಹೇಳಲು ಸಾಧ್ಯವಾಯಿತು. ನನ್ನ ದಾದಾನ ತಂದೆಯ ಹೆಸರು ಗೊತ್ತು, ಅವರ ತಂದೆಯದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಕೋಟೆಯ ಸುತ್ತಮುತ್ತ ತಲೆತಲಾಂತರದಿಂದ ಬದುಕಿದ ಎಷ್ಟೋ ಮನೆಗಳಲ್ಲಿ, ಹಿಂದೂಗಳಿರಲಿ ಮುಸ್ಲಿಮರಿರಲಿ, ಹೀಗೆಯೇ ಇರಬೇಕು. ನಮಗೆ ಬಿರುದು ಬೇಕಾಗಿಲ್ಲ. ಬರೆದಿಡುವ ಅಭ್ಯಾಸವನ್ನಾದರೂ ಕಲಿಯಬಹುದು. ಈ ರಜೆಯಲ್ಲಿ ಒಂದು ನೋಟ್‌ಬುಕ್ ಹಿಡಿದು ಮನೆಯ ಹಿರಿಯರ ಬಳಿ ಕುಳಿತು ಹೆಸರು, ಊರು, ಕಸುಬು ಕೇಳಿ ಬರೆಯಿರಿ ಎಂದು ಗೆಳೆಯ ಗೆಳತಿಯರಲ್ಲಿ ನನ್ನ ಕೋರಿಕೆ. ಹೆಣ್ಣುಮಕ್ಕಳ ಹೆಸರನ್ನೂ ಬರೆಯಿರಿ. ನಾನು ಶುರು ಮಾಡಿದ್ದೇನೆ. ಮೊದಲ ಪುಟದಲ್ಲಿ ದಾದಿ ತಮ್ಮ ತಾಯಿಯ ಹೆಸರನ್ನು ತಮ್ಮ ಕೈಯಾರೆ ಉರ್ದುವಿನಲ್ಲಿ ಬರೆದುಕೊಟ್ಟಿದ್ದಾರೆ. ಅದು ಶುರುವಾಗುವುದೂ ಬಡೀ ಹೇ ಅಕ್ಷರದಿಂದಲೇ: ಹಲೀಮಾ.

ಅಂಗಡಿಯ ಬೋರ್ಡು ಮಳೆಗೆ ಮಾಸಿದೆ. ಮೊನ್ನೆ ಅಬ್ಬಾ ಪೇಂಟರ್‌ನನ್ನು ಕರೆಸಿ ಅಳತೆ ತೆಗೆಸಿದರು. “ಏನು ಬರೆಯಲಿ, ಹಳೆಯದೇನಾ?” ಎಂದು ಅವನು ಕೇಳಿದ. ಅಬ್ಬಾ ನನ್ನ ಕಡೆ ನೋಡಿ, “ಒಂದು ವಾರ ಬಿಟ್ಟು ಹೇಳುತ್ತೇನೆ” ಎಂದರು. ಆ ವಾರ ಇನ್ನೂ ಮುಗಿದಿಲ್ಲ.